ಮೊದಲನೆಯ ದಿನದ ಗಡಿಯಾರ

ನಮ್ಮ ಕಾರ್ಖಾನೆಗೆ ಆ ಯಂತ್ರ ಬಂದದ್ದು ಯುದ್ಧ ಶುರುವಾಗುವ ಹಿಂದಿನ ವರ್ಷ, ಮಾರ್ಚ್ ತಿಂಗಳಲ್ಲಿ, ಕೆಳಗಿನ ಕಿಟಕಿಗಳ ಅರ್ಧದವರೆಗೂ ಹಿಮ ನಿಂತಿದ್ದಾಗ. ಅದನ್ನು ನಡೆಸಲು ನನ್ನನ್ನು ಕೂರಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲಿಯೊನಿಯಕ್ಕನ ಜಾಗಕ್ಕೆ ಕುತ್ತು ಬಂದ ಕತೆಯಲ್ಲಿ ನನ್ನ ಕೈಯೂ ಇದೆ. ಅದನ್ನು ಬಚ್ಚಿಟ್ಟು ಕೊನೆಯಲ್ಲಿ ಕಣ್ಣೀರು ಹಾಕುವ ಆಸೆ ನನಗಿಲ್ಲ.

ನಾವು ಮಾಡುತ್ತಿದ್ದದ್ದು ಮೇಜಿನ ಮೇಲಿಡುವ ಗಡಿಯಾರ. ಅಂಗೈ ಅಗಲದ ಹಿತ್ತಾಳೆಯ ಮುಖ, ಕೆಳಗೆ ಕರಿಯ ಅಮೃತಶಿಲೆಯ ಪೀಠ, ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ‘ಎಂಟು ದಿನ’. ಒಮ್ಮೆ ಕೀ ತುಂಬಿದರೆ ಎಂಟು ದಿನ ನಡೆಯುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಸೋಮವಾರ ಕೀ ಕೊಟ್ಟರೆ ಮತ್ತೆ ಮುಂದಿನ ಸೋಮವಾರ. ಒಂದು ದಿನ ಮರೆತರೂ ನಿಲ್ಲದಿರಲಿ ಎಂದು ಎಂಟನೆಯ ದಿನ. ವಕೀಲರು, ಬ್ಯಾಂಕಿನ ದೊಡ್ಡವರು ಕೊಳ್ಳುತ್ತಿದ್ದರು. ಎಲ್ಲೋ ಒಬ್ಬ ಹಳ್ಳಿಯ ಶಾಲಾ ಮಾಸ್ತರ ಮೂರು ವರ್ಷ ಕೂಡಿಟ್ಟು ಕೊಳ್ಳುತ್ತಿದ್ದ. ನಮ್ಮಲ್ಲಿ ಯಾರ ಮನೆಯಲ್ಲೂ ಅಂಥದು ಇರಲಿಲ್ಲ. ಅದನ್ನು ಇಡುವುದಕ್ಕೆ ಬರೆಯುವ ಮೇಜೇ ಇರಲಿಲ್ಲ.

ಹಿತ್ತಾಳೆಯ ಡಬ್ಬಿಯೊಳಗೆ ಸುತ್ತಿಟ್ಟ ಉಕ್ಕಿನ ಪಟ್ಟಿಯೇ ಅದರ ಹೊಟ್ಟೆ. ಆ ಪಟ್ಟಿ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ತಳ್ಳುತ್ತದೆ. ಕೊನೆಯಲ್ಲಿ ಒಂದು ತೂಗುಚಕ್ರ ಆಚೆ ಈಚೆ ಹೊರಳುತ್ತ ಆ ಓಟವನ್ನು ಸೆಕೆಂಡಿಗೆ ಐದು ತುಣುಕು ಮಾಡಿ ಬಿಡುತ್ತದೆ. ತೂಗುಚಕ್ರವನ್ನು ಹಿಡಿದು ಎಳೆಯುವುದು ಕೂದಲಿಗಿಂತ ತೆಳುವಾದ ಒಂದು ಸುರುಳಿ. ಒಂದು ಪುಟ್ಟ ಕಡ್ಡಿಯನ್ನು ಸರಿಸಿ ಆ ಸುರುಳಿಯ ಉದ್ದವನ್ನು ಹೆಚ್ಚು ಕಡಿಮೆ ಮಾಡಿ, ಗಡಿಯಾರವನ್ನು ಸಮಯಕ್ಕೆ ಕೂರಿಸುವುದು ಹೆಂಗಸರ ಕೆಲಸ. ಗಂಡಸರಿಗೆ ಅಷ್ಟು ತಾಳ್ಮೆ ಇಲ್ಲ ಎನ್ನುತ್ತಿದ್ದರು. ಅಂದರೆ ಆ ಕೂಲಿಗೆ ಗಂಡಸರು ಬರುತ್ತಿರಲಿಲ್ಲ.

ನಮ್ಮ ಕೋಣೆಯಲ್ಲಿ ಹನ್ನೊಂದು ಹೆಂಗಸರು. ಮೂರನೆಯ ಕಿಟಕಿ ಲಿಯೊನಿಯಕ್ಕನದು. ಐವತ್ತೇಳು ವಯಸ್ಸು, ಅದರಲ್ಲಿ ಮೂವತ್ತಾರು ವರ್ಷ ಆ ಕಿಟಕಿಯ ಕೆಳಗೆ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಆ ಕಣ್ಣಿನ ಸುತ್ತ ಬಳೆಯಂತೆ ಒಂದು ಗುರುತು ಬಿದ್ದಿತ್ತು. ರಜಾ ದಿನವೂ ಆ ಗುರುತು ಮಾಸುತ್ತಿರಲಿಲ್ಲ. ಗಂಡ ಹಿತ್ತಾಳೆಗೆ ಹೊಳಪು ಕೊಡುವ ಕೋಣೆಯ ಧೂಳು ಕುಡಿದು ಸತ್ತಿದ್ದ. ಮಕ್ಕಳಿಲ್ಲ. ನನಗೆ ಚಿಮಟ ಹಿಡಿಯುವುದನ್ನು ಕಲಿಸಿದವಳು ಅವಳೇ, ಹದಿನೇಳು ವರ್ಷದ ಹಿಂದೆ. ಮೊದಲ ದಿನವೇ ನಾನು ಒಂದು ಸುರುಳಿಯನ್ನು ಮುದ್ದೆ ಮಾಡಿದಾಗ, “ಇರ್ಮಾ, ಇದು ನಿನ್ನ ಅತ್ತೆ ಕೂದಲಲ್ಲ ಕಣೇ, ಎಳೀಬೇಡ,” ಎಂದಿದ್ದಳು. ನನಗಿನ್ನೂ ಮದುವೆಯೇ ಆಗಿರಲಿಲ್ಲ.

ಉಕ್ಕಿನ ಪಟ್ಟಿ ಪೂರ್ತಿ ಬಿಗಿದಿರುವಾಗ ಗಡಿಯಾರ ಹುರುಪಿನಲ್ಲಿರುತ್ತದೆ, ಸ್ವಲ್ಪ ಓಡುತ್ತದೆ. ದಿನ ಕಳೆದಂತೆ ಪಟ್ಟಿ ಸಡಿಲವಾಗಿ ನಡಿಗೆ ನಿಧಾನವಾಗುತ್ತದೆ. ಅದು ಅದರ ಹುಟ್ಟುಗುಣ. ಲಿಯೊನಿಯಕ್ಕ ಒಂದೊಂದು ಗಡಿಯಾರವನ್ನೂ ಏಳು ದಿನ ನೋಡುತ್ತಿದ್ದಳು. ದಿನಾ ಮಧ್ಯಾಹ್ನ ಖಗೋಳ ವೀಕ್ಷಣಾಲಯದಿಂದ ತಂತಿಯಲ್ಲಿ ಹನ್ನೆರಡರ ಗಂಟೆ ಬಂದಾಗ ಎಷ್ಟು ಮುಂದು, ಎಷ್ಟು ಹಿಂದು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಮೊದಲ ದಿನ ಹದಿನಾಲ್ಕು ಸೆಕೆಂಡು ಮುಂದೆ ಓಡಲಿ ಎಂದೇ ಕಡ್ಡಿ ಇಡುತ್ತಿದ್ದಳು. ನಡುವೆ ಗುರುವಾರ ಸುಮಾರಾಗಿ ಸರಿ. ಶನಿವಾರ, ಭಾನುವಾರ ಹಿಂದೆ ಬೀಳುತ್ತದೆ. ಮೊದಲು ಗಳಿಸಿದ್ದನ್ನು ಕೊನೆಗೆ ಕಳೆದು, ಸೋಮವಾರ ಕೀ ಕೊಡುವ ಹೊತ್ತಿಗೆ ಮುಳ್ಳು ಸರಿಯಾಗಿ ಅಲ್ಲಿ ಬಂದು ನಿಂತಿರುತ್ತದೆ. ಇದನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಅವಳಿಗಿಂತ ಮೊದಲು ಆ ಕಿಟಕಿಯಲ್ಲಿ ಕೂತಿದ್ದವಳು ಕಲಿಸಿದ್ದಳು.

ಯಂತ್ರಕ್ಕೆ ಏಳು ದಿನದ ಪುರಸೊತ್ತಿಲ್ಲ. ಗಡಿಯಾರಕ್ಕೆ ಪೂರ್ತಿ ಕೀ ತುಂಬಿ ಯಂತ್ರದ ಹಿಡಿಕೆಗೆ ಸಿಕ್ಕಿಸಿದರೆ, ಟಿಕ್ ಟಿಕ್ ಕೇಳಿಸಿಕೊಂಡು ಕಾಗದದ ಪಟ್ಟಿಯ ಮೇಲೆ ಚುಕ್ಕೆ ಹೊಡೆಯುತ್ತಿತ್ತು. ಸಾಲು ನೇರ ಹೋದರೆ ಸರಿ, ಏರಿದರೆ ಓಡುತ್ತಿದೆ, ಇಳಿದರೆ ಹಿಂದೆ ಬೀಳುತ್ತಿದೆ. ಮೂವತ್ತು ಸೆಕೆಂಡಿನಲ್ಲಿ ತೀರ್ಪು. ದಿನಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ತಿರಸ್ಕಾರ ಎಂದು ಮೇಲಿನಿಂದ ಆಜ್ಞೆ.

ಲಿಯೊನಿಯಕ್ಕನ ಮೊದಲ ತಟ್ಟೆಯ ಹನ್ನೆರಡು ಗಡಿಯಾರಗಳಲ್ಲಿ ಹನ್ನೊಂದು ತಿರಸ್ಕಾರವಾದವು. ಪಟ್ಟಿಗಳನ್ನು ಕೈಯಲ್ಲಿ ಹಿಡಿದು ನಾನು ಅವಳ ಕಿಟಕಿಗೆ ಹೋದೆ. ಹನ್ನೊಂದೂ ಒಂದೇ ಕಡೆಗೆ, ಒಂದೇ ಓರೆಯಲ್ಲಿ, ಅಳೆದು ಎಳೆದಂತೆ ಮೇಲಕ್ಕೆ ಏರಿದ್ದವು.

“ಹನ್ನೆರಡನೇದು ಪಾಸಾಯ್ತಾ?” ಎಂದಳು, ಕಣ್ಣಿನಿಂದ ಗಾಜು ತೆಗೆಯದೆ.

“ಆಯ್ತಕ್ಕ.”

“ಹಾಗಾದ್ರೆ ಅದೇನೋ ಕೆಟ್ಟಿದೆ. ಕೊಡು ಇಲ್ಲಿ.”

ಸುತ್ತಲಿದ್ದವರು ನಕ್ಕರು. ಏಪ್ರಿಲ್ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಉಳಿದವರೆಲ್ಲ ಯಂತ್ರಕ್ಕೆ ತಕ್ಕಂತೆ ಕಡ್ಡಿ ಸರಿಸುವುದನ್ನು ಒಂದೇ ವಾರದಲ್ಲಿ ಕಲಿತೆವು. ಅದರಲ್ಲಿ ಕಲಿಯುವುದು ಏನೂ ಇರಲಿಲ್ಲ. ಅದೇ ಅದರ ಲಾಭ. ಲಿಯೊನಿಯಕ್ಕ ಮಾತ್ರ ಸರಿಸಲಿಲ್ಲ. ಎರಡು ತಿಂಗಳು ತಿರಸ್ಕಾರ ಬಂದರೆ ಕಿಟಕಿ ಬಿಟ್ಟು ಕೆಳಗಿನ ಪ್ಯಾಕಿಂಗ್ ಕೋಣೆಗೆ ಹೋಗಬೇಕು ಎಂದು ಚೀಟಿ ಬಂತು. ಆ ಕೋಣೆಗೆ ಕಿಟಕಿ ಇಲ್ಲ. ಹತ್ತು ಗಂಟೆ ನಿಂತೇ ಇರಬೇಕು. ಕೂಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಕಾಲಿನ ನರ ಊದಿಕೊಂಡ ಅವಳಂಥ ಹೆಂಗಸು ಅಲ್ಲಿ ಎರಡು ಚಳಿಗಾಲ ಕಳೆದರೆ ಹೆಚ್ಚು.

“ಸ್ವಲ್ಪ ಸರಿಸಿಬಿಡಕ್ಕ,” ಎಂದೆ. “ಕೂದಲೆಳೆಯಷ್ಟು. ಅದು ಕೇಳೋದು ಅಷ್ಟೇ ತಾನೆ?”

“ಸರಿಸಿದ್ರೆ ಭಾನುವಾರ ಅದು ಎಲ್ಲಿರುತ್ತೆ ಹೇಳು?”

“ಒಂದೂವರೆ ನಿಮಿಷ ಹಿಂದೆ.”

“ಗೊತ್ತಿದ್ದೂ ಹೇಳ್ತೀಯಲ್ಲ. ನಾನು ಕಲಿಸಿದ್ದು ಇದನ್ನೇನೇ?” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗುರುವಾರ ಸಂಜೆ ಕಾರ್ಮಿಕರ ವಾಚನಾಲಯದಲ್ಲಿ ನಾವು ಕೆಲವರು ಸೇರುತ್ತಿದ್ದೆವು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ವಾದ ಮಾಡುವುದು. ಲಿಯೊನಿಯಕ್ಕನೂ ಬರುತ್ತಿದ್ದಳು; ಬೆಚ್ಚಗಿನ ಒಲೆಯ ಪಕ್ಕದ ಕುರ್ಚಿಯಲ್ಲಿ ಮೊದಲ ಪುಟಕ್ಕೇ ನಿದ್ದೆ ಹೋಗುತ್ತಿದ್ದಳು. ಜಗತ್ತಿನ ಎಲ್ಲ ದುಡಿಯುವವರ ಬಿಡುಗಡೆಯ ಮಾತು ಅವಳ ಗೊರಕೆಯ ಜೊತೆಯಲ್ಲೇ ನಮ್ಮ ತಲೆಗೆ ಇಳಿದದ್ದು. ಅಲ್ಲಿಯೇ ನಾನು ಸಂಘದ ಪ್ರತಿನಿಧಿ ವಿರ್ಜಿಲನನ್ನು ಹಿಡಿದೆ.

“ನಾನೇನು ಮಾಡ್ಲಿ ಇರ್ಮಾ?” ಎಂದ ಅವನು, ಪೈಪು ಕೆದಕುತ್ತ. “ಮುಷ್ಕರ ಮಾಡಲ್ಲ ಅಂತ ಹೋದ ವರ್ಷ ನಮ್ಮೋರೇ ಸಹಿ ಹಾಕಿ ಬಂದಿದಾರೆ. ಈಗ ಏನಿದ್ರೂ ಅರ್ಜಿ, ಮಾತುಕತೆ.”

“ಹಾಗಾದ್ರೆ ಮಾತಾದ್ರೂ ಆಡು ಮಾರಾಯ. ಬಾಯಿಗೂ ಸಹಿ ಹಾಕಿಸ್ಕೊಂಡಿದಾರಾ?”

ಒಲೆಯ ಪಕ್ಕದಿಂದ ಲಿಯೊನಿಯಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಅರ್ಜಿ ಬೇಡಪ್ಪ. ನನ್ನದೊಂದು ಗಡಿಯಾರ, ಯಂತ್ರದ್ದೊಂದು ಗಡಿಯಾರ. ಪಕ್ಕಪಕ್ಕ ಇಡ್ಲಿ. ಸೋಮವಾರದಿಂದ ಸೋಮವಾರ. ಅಷ್ಟೇ ಕೇಳು.”

ವಿರ್ಜಿಲ ಕೇಳಿದ. ಯಜಮಾನ ಪೆಲಾಟನ್ ಒಪ್ಪಿದರು ಕೂಡ. ಹಳೆಯ ಯಜಮಾನರ ಮಗ, ಜ್ಯೂರಿಕ್‌ನಲ್ಲಿ ಎಂಜಿನಿಯರಿಂಗ್ ಓದಿ ಬಂದವರು, ಹೆಂಗಸರ ಕೋಣೆಗೆ ಬಂದರೆ ಟೋಪಿ ತೆಗೆಯುತ್ತಿದ್ದರು. ಅವರು ಕೆಟ್ಟವರಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಕೆಟ್ಟವರಾಗುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ.

“ನನ್ನ ಮೇಜಿನ ಮೇಲೇ ಇರಲಿ,” ಎಂದರು. “ನಾನು ಬಾಸೆಲ್‌ಗೆ ಹೋಗ್ತಿದೀನಿ, ಕೋಣೆಗೆ ಬೀಗ ಇರುತ್ತೆ. ಮೇಡಂ ಗೆದ್ದರೆ ಎಂಟು ದಿನದ ಗಡಿಯಾರಗಳನ್ನ ಯಂತ್ರದಿಂದ ಬಿಡಿಸ್ತೀನಿ, ಅವರು ತಮ್ಮ ಕಿಟಕೀಲೇ ಇರ್ತಾರೆ. ಸೋತರೆ ಸೋಮವಾರ ಮಧ್ಯಾಹ್ನವೇ ಪ್ಯಾಕಿಂಗಿಗೆ. ಒಪ್ಪಿಗೆ ತಾನೆ?”

“ಒಪ್ಪಿಗೆ,” ಎಂದಳು ಲಿಯೊನಿಯಕ್ಕ.

ಯಂತ್ರದ ಗಡಿಯಾರವನ್ನು ಕೂರಿಸಿದವಳು ನಾನು. ಪಟ್ಟಿಯ ಮೇಲೆ ಚುಕ್ಕೆಗಳು ಹಗ್ಗ ಎಳೆದು ಕಟ್ಟಿದಂತೆ ನೇರ ಬಂದವು. ಸೋಮವಾರ ಹನ್ನೆರಡರ ಗಂಟೆಗೆ ಎರಡಕ್ಕೂ ಪೂರ್ತಿ ಕೀ ತುಂಬಿ, ಮುಳ್ಳು ಸರಿ ಮಾಡಿ, ಅಕ್ಕಪಕ್ಕ ಇಟ್ಟೆವು. ಯಾರೂ ಕೈ ಆಡಿಸಬಾರದೆಂದು ವಿರ್ಜಿಲ ಎರಡರ ಬೆನ್ನಿಗೂ ಸಂಘದ ಮುದ್ರೆಯ ಚೀಟಿ ಅಂಟಿಸಿದ. ಕಡ್ಡಿಯ ಕಿಂಡಿ, ಮುಳ್ಳು ತಿರುಗಿಸುವ ಗುಂಡಿ ಎರಡೂ ಚೀಟಿಯ ಅಡಿಗೆ ಹೋದವು. ಕೀ ಮಾತ್ರ ಹೊರಗೆ ಉಳಿಯಿತು. ಅದು ಯಾರಿಗೂ ಹೊಳೆಯಲಿಲ್ಲ. ಎಂಟು ದಿನದ ಗಡಿಯಾರಕ್ಕೆ ನಡುವೆ ಕೀ ಕೊಡುವವರು ಇರುತ್ತಾರೆ ಎಂಬ ಯೋಚನೆ ನಮ್ಮ ಕೋಣೆಯಲ್ಲಿ ಯಾರ ತಲೆಗೂ ಬರುವಂಥದಲ್ಲ.

ಬೀಗದ ಕೈ ಎರಡು. ಒಂದು ಯಜಮಾನರ ಜೇಬಿನಲ್ಲಿ, ಇನ್ನೊಂದು ಆಫೀಸಿನ ಜವಾನ ನೂಮಾನ ಸೊಂಟದಲ್ಲಿ. ನೂಮಾ ಲಿಯೊನಿಯಕ್ಕನ ಮೈದುನ, ಸತ್ತ ಗಂಡನ ತಮ್ಮ. ಮೊದಲು ಒತ್ತುಯಂತ್ರದಲ್ಲಿ ಹಿತ್ತಾಳೆಯ ತಗಡು ಕತ್ತರಿಸುತ್ತಿದ್ದ. ಎಡಗೈಯ ಎರಡು ಬೆರಳನ್ನು ಅದು ತಗಡಿನ ಜೊತೆಗೇ ಕತ್ತರಿಸಿದ ಮೇಲೆ ದಯೆ ತೋರಿಸಿ ಜವಾನನ ಕೆಲಸ ಕೊಟ್ಟಿದ್ದರು. ಹಾಗೆಂದು ಅವರೂ ಹೇಳುತ್ತಿದ್ದರು, ಅವನೂ ಹೇಳುತ್ತಿದ್ದ. ಎರಡು ಬೆರಳಿಗೆ ದಯೆ! ಬೆಳಿಗ್ಗೆ ಆರಕ್ಕೆ ಬಂದು ಒಲೆ ಹೊತ್ತಿಸಬೇಕು, ಮಸಿಕುಡಿಕೆ ತುಂಬಬೇಕು, ಮೇಜು ಒರೆಸಬೇಕು. ಯಜಮಾನರು ಊರಲ್ಲಿ ಇಲ್ಲದಿದ್ದರೂ ಒಲೆ ಉರಿಯಬೇಕು. ಗೋಡೆಯ ಮರದ ಹಲಗೆಗಳು ಚಳಿಗೆ ಸೀಳಿ ಹೋಗಬಾರದಲ್ಲ.

“ಹೆದರ್ಬೇಡಿ ಅತ್ತಿಗೆ,” ಎಂದ ಅವತ್ತು ಮೆಟ್ಟಿಲ ಮೇಲೆ ಸಿಕ್ಕಿ. “ಮೇಲೆ ನಾನಿದೀನಲ್ಲ. ನೋಡ್ಕೋತೀನಿ.”

“ನೋಡು, ಆದ್ರೆ ಮುಳ್ಳು ಮುಟ್ಟಬೇಡ.”

“ನನಗಿರೋದೇ ಎಂಟು ಬೆರಳು. ಅದನ್ನೂ ಕಳ್ಕೊಳ್ಳಾ?”

ಆ ವಾರ ಲಿಯೊನಿಯಕ್ಕ ಎಂದಿನಂತೆಯೇ ಕೆಲಸ ಮಾಡಿದಳು. ಮಧ್ಯಾಹ್ನದ ಗಂಟೆಗೆ ತಲೆಯೆತ್ತಿ, ಎದುರಿಗಿದ್ದ ಗಡಿಯಾರಗಳನ್ನು ನೋಡಿ, ಪುಸ್ತಕದಲ್ಲಿ ಬರೆದು, ಮತ್ತೆ ತಲೆ ತಗ್ಗಿಸುವುದು. ಊಟದ ಹೊತ್ತಿಗೆ ಬ್ರೆಡ್ಡನ್ನು ಚಿಕೋರಿ ಕಾಫಿಯಲ್ಲಿ ಅದ್ದಿ ಇಟ್ಟು ತಿನ್ನಲು ಮರೆಯುತ್ತಿದ್ದಳು. ಅದು ಬಟ್ಟಲಿನಲ್ಲಿ ಕರಗಿ ತಳ ಸೇರುತ್ತಿತ್ತು. ನನಗೆ ಅವಳ ಪಕ್ಕ ಕೂರಲು ನಾಚಿಕೆ. ಕೂರದಿರಲು ಇನ್ನೂ ನಾಚಿಕೆ.

ಭಾನುವಾರ ಅವಳ ಮನೆಯಲ್ಲಿ ಊಟ. ನೂಮಾ ಪ್ರತಿ ಭಾನುವಾರ ಬರುತ್ತಿದ್ದ. ಒಬ್ಬನೇ ಇದ್ದ ಮನುಷ್ಯ. ಅವತ್ತು ನನ್ನನ್ನೂ ಕರೆದಿದ್ದಳು. ಗೋಧಿರವೆಯಷ್ಟು ಸಣ್ಣಗೆ ಹಿಮ ಬೀಳುತ್ತಿತ್ತು, ಏಪ್ರಿಲ್ ಮುಗಿಯುತ್ತ ಬಂದಿದ್ದರೂ. ಆಲೂಗಡ್ಡೆ, ಈರುಳ್ಳಿಯ ಸೂಪು, ಹೊಗೆಯಲ್ಲಿ ಒಣಗಿಸಿದ ಮಾಂಸದ ಒಂದು ತುಂಡನ್ನು ಮೂರು ಪಾಲು ಮಾಡಿ ಅದರಲ್ಲಿ ಹಾಕಿದ್ದಳು. ನೂಮಾ ಜೇಬಿನಿಂದ ಬೆಟ್ಟದ ಬೇರಿನ ಕಹಿ ಸಾರಾಯಿಯ ಸಣ್ಣ ಸೀಸೆ ತೆಗೆದ.

“ನಾಳೆಗೆ ಈಗಲೇ ಕುಡಿಯೋಣ,” ಎಂದ. “ನಿಮ್ಮ ಗಡಿಯಾರ ಏನು ನಡೀತಿದೆ ಅತ್ತಿಗೆ! ಮದುವೆ ಹೆಣ್ಣಿನ ಥರ ಇದೆ. ಇವತ್ತು ಬೆಳಿಗ್ಗೆನೂ ಹೋಗಿ ನೋಡಿ ಬಂದೆ.”

“ಎಷ್ಟು ಮುಂದಿದೆ?”

“ಸೆಕೆಂಡು ಗಿಕೆಂಡು ನಂಗೆಲ್ಲಿ ಕಾಣ್ಬೇಕು? ಕಿವಿ ಇಟ್ಟು ಕೇಳ್ದೆ. ಟಿಕ್ ಟಿಕ್ ಅಂತ ಜೋರಾಗಿ ಹೊಡೀತಿದೆ.”

ಲಿಯೊನಿಯಕ್ಕನ ಚಮಚ ಒಂದು ಕ್ಷಣ ಬಟ್ಟಲಿನ ಮೇಲೆ ನಿಂತಿತು. ನಾನೂ ನೋಡಿದೆ. ಏಳನೆಯ ದಿನದ ಗಡಿಯಾರ ಜೋರಾಗಿ ಹೊಡೆಯುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿರುವ ವಿಷಯ. ಆದರೆ ಅವಳು ಚಮಚವನ್ನು ಬಾಯಿಗೆ ಇಟ್ಟಳು, ನಾನು ಬ್ರೆಡ್ಡು ಮುರಿದೆ. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ವಾರದ ಅರವತ್ತು ಗಂಟೆ ದುಡಿದು ಬಂದ ಮೈಗೆ ಆ ಒಂದು ಪ್ರಶ್ನೆಯೂ ಭಾರ. ದಣಿವು ಮೈಗೆ ಮಾತ್ರ ಆಗುತ್ತದೆ ಎಂದು ಬರೆದವರು ಯಾರೇ ಇರಲಿ, ದುಡಿದವರಲ್ಲ. ಅದು ಮೊದಲು ಕಿವಿಯನ್ನು ತಿನ್ನುತ್ತದೆ.

ಸೋಮವಾರ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ನಾವು ಮೇಲೆ ಹೋದೆವು. ಪೆಲಾಟನ್ ಬಾಸೆಲ್‌ನಿಂದ ಆಗಷ್ಟೇ ಬಂದಿದ್ದರು, ಕೋಟನ್ನೂ ಬಿಚ್ಚಿರಲಿಲ್ಲ. ವಿರ್ಜಿಲ ಚೀಟಿಗಳನ್ನು ಪರೀಕ್ಷಿಸಿದ, ಮುದ್ರೆ ಹರಿದಿರಲಿಲ್ಲ. ನೂಮಾ ಒಲೆಯ ಪಕ್ಕ ಕಟ್ಟಿಗೆ ಬುಟ್ಟಿ ಹಿಡಿದು ನಿಂತಿದ್ದ, ತಲೆ ಬಾಚಿಕೊಂಡು, ಹಬ್ಬಕ್ಕೆ ಬಂದವನಂತೆ.

ತಂತಿಯ ಗಂಟೆ ಹೊಡೆಯಿತು.

ನನ್ನ ಗಡಿಯಾರ ಎರಡು ಸೆಕೆಂಡು ಮುಂದೆ. ಲಿಯೊನಿಯಕ್ಕನದು ಒಂದು ನಿಮಿಷ ಮೂವತ್ತೈದು ಸೆಕೆಂಡು ಮುಂದೆ.

ನನ್ನ ಕೆನ್ನೆ ಬಿಸಿಯಾಯಿತು. ಯಾಕೆಂದರೆ ಆ ಒಂದು ಗಳಿಗೆ, ಒಂದೇ ಒಂದು ಗಳಿಗೆ, ನಾನು ಗೆದ್ದೆ ಎಂದು ನನಗೆ ಖುಷಿಯಾಯಿತು. ಆಮೇಲೆ ಇದು ಸಾಧ್ಯವೇ ಇಲ್ಲ ಎಂದು ಹೊಳೆಯಿತು. ನನ್ನದು ಒಂದೂವರೆ ನಿಮಿಷ ಹಿಂದೆ ಇರಬೇಕಿತ್ತು.

ಲಿಯೊನಿಯಕ್ಕ ಮುಂದೆ ಬಂದು ತನ್ನ ಗಡಿಯಾರವನ್ನು ಎತ್ತಿಕೊಂಡಳು. ಮುಳ್ಳಿನ ಕಡೆ ನೋಡಲೇ ಇಲ್ಲ. ಹೆಬ್ಬೆರಳು ತೋರುಬೆರಳಲ್ಲಿ ಕೀಯನ್ನು ಹಿಡಿದು ತಿರುಗಿಸಲು ನೋಡಿದಳು. ಏಳು ದಿನ ನಡೆದ ಗಡಿಯಾರಕ್ಕೆ ಹದಿನಾಲ್ಕು ಅರ್ಧಸುತ್ತು ಹಿಡಿಯುತ್ತದೆ. ಕೀ ಅರ್ಧಸುತ್ತೂ ತಿರುಗದೆ ಬಿಗಿದು ನಿಂತಿತು. ನನ್ನ ಗಡಿಯಾರವನ್ನು ಎತ್ತಿದಳು. ಅದರದೂ ಹಾಗೆಯೇ.

“ಇವಕ್ಕೆ ಕೀ ಕೊಟ್ಟಿದಾರೆ,” ಎಂದಳು ಮೆಲ್ಲಗೆ.

“ನಾನೇ ಅತ್ತಿಗೆ!” ಎಂದ ನೂಮಾ. ಅವನ ಮುಖ ಅರಳಿತು. “ದಿನಾ ಬೆಳಿಗ್ಗೆ ಒಂದು ಸುತ್ತು. ಮುಳ್ಳು ಮುಟ್ಟಿಲ್ಲ, ಚೀಟಿ ಮುಟ್ಟಿಲ್ಲ. ನಿಮ್ಮದಕ್ಕೆ ಮೊದಲು, ಆಮೇಲೆ ಅದಕ್ಕೆ. ನಿಮ್ಮದು ನಿಂತು ಗಿಂತು ಹೋದ್ರೆ ಅಂತ ಭಾನುವಾರನೂ ಬಂದು ಕೊಟ್ಟೆ.”

ಅವನಿಗೆ ಆ ಅಭ್ಯಾಸ ಬಂದದ್ದು ಸುಮ್ಮನೆ ಅಲ್ಲ. ಅವನಿಗಿಂತ ಮೊದಲು ಅಲ್ಲಿದ್ದ ಜವಾನ ಒಂದು ಸೋಮವಾರ ಮರೆತ. ಮಂಗಳವಾರ ಹಳೆಯ ಯಜಮಾನರ ಮೇಜಿನ ಗಡಿಯಾರ ನಿಂತಿತು, ಬುಧವಾರ ಜವಾನ ಬೀದಿಯಲ್ಲಿದ್ದ. ಅಂದಿನಿಂದ ಆ ಮೇಜಿನ ಮೇಲೆ ಏನು ಟಿಕ್ ಎಂದರೂ ನೂಮಾ ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದ. ಭಯ ಕಲಿಸಿದ ಪಾಠ. ಗಡಿಯಾರದ ಒಳಗೇನಾಗುತ್ತದೆ ಎಂದು ಒತ್ತುಯಂತ್ರದವರಿಗೆ ಯಾರೂ ಕಲಿಸಿರಲಿಲ್ಲ.

ಪೆಲಾಟನ್‌ಗೆ ತಕ್ಷಣ ಅರ್ಥವಾಯಿತು. ಓದಿದವರು, ಅವರ ಹುಬ್ಬು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ಕಂಡೆ. ಅದೇ ಹೊತ್ತಿನಲ್ಲಿ ಅವರು ಇನ್ನೊಂದು ಲೆಕ್ಕವನ್ನೂ ಮುಗಿಸಿದ್ದರು.

“ಯಜಮಾನ್ರೆ,” ಎಂದೆ ನಾನು, “ಇದು ಪರೀಕ್ಷೆನೇ ಅಲ್ಲ. ಏಳು ದಿನವೂ ಇವೆರಡೂ ಮೊದಲನೇ ದಿನದಲ್ಲೇ ಇದ್ವು. ಇನ್ನೊಂದು ಸಲ ಇಡ್ಬೇಕು.”

“ಕೂಗಬೇಡಿ ಮೇಡಂ,” ಎಂದರು ಅವರು. ನಾನು ಕೂಗಿರಲಿಲ್ಲ. “ಮೇಜಿನ ಗಡಿಯಾರ ಎಲ್ಲಿರುತ್ತೆ? ಇಂಥ ಮೇಜಿನ ಮೇಲೆ. ಇಂಥ ಮೇಜು ಇದ್ದವರಿಗೆ ದಿನಾ ಕೀ ಕೊಡೋಕೆ ಒಬ್ಬ ನೂಮಾ ಇದ್ದೇ ಇರ್ತಾನೆ. ಅಂದ್ರೆ ಪರೀಕ್ಷೆ ನಡೆದದ್ದು ಸರಿಯಾದ ಜಾಗದಲ್ಲೇ. ಯಂತ್ರದ ಗಡಿಯಾರ ಸರಿ ಇತ್ತು, ಅವರದು ತಪ್ಪಿತ್ತು. ಮುಳ್ಳು ಮುಟ್ಟಬಾರದು ಅಂತ ಇತ್ತು, ಯಾರೂ ಮುಟ್ಟಿಲ್ಲ. ಅಲ್ವೇ ವಿರ್ಜಿಲ್?”

ವಿರ್ಜಿಲ ಪೈಪನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. “ಮುದ್ರೆ ಹರಿದಿಲ್ಲ,” ಎಂದ.

ಮುದ್ರೆ ಹರಿದಿಲ್ಲ! ಅದೇ ನಮ್ಮ ಸಂಘದ ಆ ವರ್ಷದ ಇತಿಹಾಸ.

ಮತ್ತೆ ಬಾಯಿ ತೆರೆದ ನನ್ನ ತೋಳನ್ನು ಲಿಯೊನಿಯಕ್ಕ ಹಿಡಿದಳು. “ಬಿಡು,” ಎಂದಳು. ಎರಡು ಗಡಿಯಾರವನ್ನೂ ಮೇಜಿನ ಮೇಲೆ ಇಟ್ಟು, ಅಂಚಿಗೆ ಸರಿಯಾಗಿ ಹೊಂದಿಸಿ, ನೂಮಾನ ಕಡೆ ತಿರುಗಿದಳು. ಅವನು ಇನ್ನೂ ಅರ್ಧ ನಗುತ್ತಲೇ ಇದ್ದ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತ ಆ ನಗು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದ. “ಒಲೆ ಆರ್ತಾ ಇದೆ ನೋಡೋ,” ಎಂದಳು.

ಮೆಟ್ಟಿಲು ಇಳಿಯುವಾಗ ನನಗೆ ತಡೆಯಲಾಗಲಿಲ್ಲ. “ಯಾಕಕ್ಕ ಸುಮ್ಮನಿದ್ದೆ? ಅವರಿಗೆ ಗೊತ್ತಿತ್ತು! ಪೂರ್ತಿ ಗೊತ್ತಿತ್ತು!”

“ಗೊತ್ತಿರೋರಿಗೆ ಏನಂತ ಹೇಳ್ಲಿ?” ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. “ನೂಮಾ ನಿನ್ನೇನೇ ಹೇಳಿದ್ದ ಕಣೇ, ಜೋರಾಗಿ ಹೊಡೀತಿದೆ ಅಂತ. ನನ್ನ ಕಿವಿ ಕೇಳಿಸ್ಕೊಳ್ತು. ಆಮೇಲೆ ಸೂಪು ಆರಿಹೋಗುತ್ತೆ ಅಂತ ತಿಂದೆ.” ಮೆಟ್ಟಿಲ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡಳು. “ಒಂದು ಮಾತು. ಅವನಿಗೆ ಹೇಳಬೇಡ.”

“ಏನನ್ನ?”

“ಅವನು ಕೀ ಕೊಡದೇ ಇದ್ದಿದ್ರೆ ಏನಾಗ್ತಿತ್ತು ಅನ್ನೋದನ್ನ. ಕೇಳಿದ್ರೆ, ಹೇಗಿದ್ರೂ ಸೋಲ್ತಿದ್ದೆ ಅಂದುಬಿಡು. ನನಗೆ ವಯಸ್ಸಾಯ್ತು, ಕೈ ನಡುಗುತ್ತೆ ಅನ್ನು.”

“ನಿನ್ನ ಕೈ ಯಾವಾಗ ನಡುಗಿದೆ?”

“ಈಗ ನಡುಗ್ತಿದೆ, ನೋಡು ಬೇಕಾದ್ರೆ,” ಎಂದು ತೋರಿಸಿದಳು. ನಡುಗುತ್ತಿರಲಿಲ್ಲ.

ಅವತ್ತೇ ಮಧ್ಯಾಹ್ನ ಅವಳು ಚಿಮಟ, ಭೂತಗನ್ನಡಿ, ಪುಸ್ತಕಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ಕೆಳಗೆ ಹೋದಳು. ಪುಸ್ತಕಗಳು ಹತ್ತೊಂಬತ್ತು. ಮೂವತ್ತಾರು ವರ್ಷದ ಪ್ರತಿ ಮಧ್ಯಾಹ್ನ ಅವುಗಳಲ್ಲಿತ್ತು. ಮೂರನೆಯ ಕಿಟಕಿಯ ಕೆಳಗೆ ಎರಡನೆಯ ಯಂತ್ರ ಬಂತು.

ಎರಡು ದಿನ ಬಿಟ್ಟು ನೂಮಾ ಕಾರ್ಖಾನೆಯ ಗೇಟಿನಲ್ಲಿ ನನಗಾಗಿ ಕಾದಿದ್ದ. ಟೋಪಿಯನ್ನು ಮೂರು ಬೆರಳಿನ ಕೈಯಲ್ಲಿ ತಿರುಗಿಸುತ್ತಿದ್ದ.

“ಇರ್ಮಾ, ನಿಜ ಹೇಳು. ಆ ದಿನ ಮೇಲೆ ಎಲ್ಲಾ ನನ್ನ ಕಡೆ ಹಾಗೆ ಯಾಕೆ ನೋಡಿದ್ರಿ? ನಾನು ಕೀ ಕೊಟ್ಟಿದ್ದಕ್ಕೆ ಏನಾದ್ರೂ…?”

“ಇಲ್ಲ ನೂಮಣ್ಣ. ಹೇಗಿದ್ರೂ ಸೋಲ್ತಿದ್ಳು. ವಯಸ್ಸಾಯ್ತು. ಕೈ ನಡುಗುತ್ತೆ.”

ಅವನು ದೊಡ್ಡ ಉಸಿರು ಬಿಟ್ಟ. “ನಾನೂ ಅದನ್ನೇ ಅಂದ್ಕೊಂಡೆ. ಕೀ ಕೊಟ್ಟಿದ್ದಕ್ಕೆ ಒಂದೂವರೆ ನಿಮಿಷದಲ್ಲಿ ಮುಗೀತು. ಇಲ್ಲದಿದ್ರೆ ನಿಂತೇ ಹೋಗ್ತಿತ್ತೇನೋ. ಅತ್ತಿಗೆ ಮರ್ಯಾದೆ ಪೂರ್ತಿ ಹೋಗ್ತಿತ್ತು. ಅಲ್ವಾ?”

“ಹೂಂ,” ಎಂದೆ. ನಾನು ಓದಿದ ಎಲ್ಲ ಪುಸ್ತಕಗಳೂ ಸತ್ಯವನ್ನು ಮುಖಕ್ಕೆ ಹೇಳಬೇಕು ಎನ್ನುತ್ತಿದ್ದವು. ಯಾರ ಮುಖಕ್ಕೆ ಎಂದು ಒಂದರಲ್ಲೂ ಇರಲಿಲ್ಲ.

ಬೇಸಗೆ ಮುಗಿಯುವಷ್ಟರಲ್ಲಿ ಗಡಿಯಾರಗಳು ವಾಪಸು ಬರತೊಡಗಿದವು. ವಕೀಲರಿಂದಲ್ಲ, ಬ್ಯಾಂಕಿನವರಿಂದಲ್ಲ. ಶಾಲಾ ಮಾಸ್ತರರಿಂದ, ಸಣ್ಣ ಊರಿನ ಪೋಸ್ಟ್ ಮಾಸ್ತರರಿಂದ, ಸೋಮವಾರ ಸೋಮವಾರ ತಾವೇ ಕೀ ಕೊಡುವವರಿಂದ. ಎಲ್ಲರ ಕಾಗದವೂ ಒಂದೇ: ವಾರದ ಕೊನೆಗೆ ಒಂದೂವರೆ ನಿಮಿಷ ಹಿಂದೆ ಬೀಳುತ್ತದೆ. ಅವು ನನ್ನ ಬಳಿಗೆ ಬರುತ್ತಿದ್ದವು. ಪೂರ್ತಿ ಕೀ ತುಂಬಿ ಯಂತ್ರಕ್ಕೆ ಸಿಕ್ಕಿಸುತ್ತಿದ್ದೆ. ಸಾಲು ನೇರ ಬರುತ್ತಿತ್ತು. ‘ಪರೀಕ್ಷಿಸಲಾಯಿತು, ದೋಷವಿಲ್ಲ’ ಎಂಬ ಮುದ್ರೆ ಒತ್ತಿ ಪಟ್ಟಿಯ ಸಮೇತ ಹಿಂದಕ್ಕೆ ಕಳಿಸುತ್ತಿದ್ದೆ. ಮೂರು ವರ್ಷ ಕೂಡಿಟ್ಟ ಮನುಷ್ಯನಿಗೆ ನಿನ್ನ ಕಣ್ಣೇ ಸರಿಯಿಲ್ಲ ಎಂದು ಕಾಗದದಲ್ಲಿ ಬರೆದು ಕಳಿಸಿದ ಹಾಗೆ. ಮೇಲ್ವಿಚಾರಕನಿಗೆ ಎರಡು ಸಲ ಹೇಳಿದೆ. ಪ್ಯಾಕಿಂಗ್ ಕೋಣೆಯಲ್ಲಿ ಇನ್ನೂ ಜಾಗ ಇದೆ ಎಂದ. ಮೂರನೆಯ ಸಲ ನಾನು ಹೇಳಲಿಲ್ಲ.

ಅಕ್ಟೋಬರಿನಲ್ಲಿ ಯಜಮಾನರು ಅದಕ್ಕೂ ದಾರಿ ಕಂಡುಕೊಂಡರು. ಡಬ್ಬಿಯೊಳಗೆ ಇಡುವ ಚೀಟಿಯನ್ನು ಬದಲಾಯಿಸಿದರು. ‘ವಾರಕ್ಕೊಮ್ಮೆ ಕೀ ಕೊಡಿ’ ಎಂದಿದ್ದ ಜಾಗದಲ್ಲಿ ‘ಪ್ರತಿದಿನ ಬೆಳಿಗ್ಗೆ ಒಂದು ಸುತ್ತು ಕೀ ಕೊಡಿ’ ಎಂದು ಅಚ್ಚಾಯಿತು. ಮುಖದ ಮೇಲಿನ ‘ಎಂಟು ದಿನ’ ಹಾಗೆಯೇ ಉಳಿಯಿತು, ಬೆಲೆ ಅದರಲ್ಲಿತ್ತು.

ಆ ಚೀಟಿಯ ಮೊದಲ ಕಟ್ಟು ಬಂದ ದಿನ ನಾನು ವಾಪಸಾತಿಯ ಬುಟ್ಟಿ ತೆಗೆದುಕೊಂಡು ಪ್ಯಾಕಿಂಗ್ ಕೋಣೆಗೆ ಹೋಗಿದ್ದೆ. ದೀಪದ ಕೆಳಗೆ ಲಿಯೊನಿಯಕ್ಕ ನಿಂತಿದ್ದಳು, ಎರಡೂ ಕಾಲಿಗೆ ಬಟ್ಟೆ ಸುತ್ತಿಕೊಂಡು. ಡಬ್ಬಿಯಲ್ಲಿ ಗಡಿಯಾರದ ಸುತ್ತ ಮರದ ಹೊಟ್ಟು ತುಂಬುತ್ತಿದ್ದಳು. ಕಣ್ಣಿನ ಸುತ್ತಲಿನ ಬಳೆಯ ಗುರುತು ಆರು ತಿಂಗಳಲ್ಲಿ ಸ್ವಲ್ಪವೂ ಮಾಸಿರಲಿಲ್ಲ. ಅಷ್ಟರಲ್ಲಿ ನೂಮಾ ಮೇಲಿನಿಂದ ಓಡಿಬಂದ. ಕೈಯಲ್ಲಿ ಒಂದು ಚೀಟಿ.

“ಅತ್ತಿಗೆ! ಇದನ್ನ ನೋಡಿದ್ರಾ? ಓದು ಇರ್ಮಾ, ಗಟ್ಟಿಯಾಗಿ ಓದು. ಇದು ನಾನು ಮಾಡ್ತಿದ್ದದ್ದೇ ಅಲ್ವಾ? ಹನ್ನೆರಡು ವರ್ಷದಿಂದ ಮಾಡ್ತಿದ್ದೆ, ಯಾರಿಗೂ ಗೊತ್ತಿರ್ಲಿಲ್ಲ. ಈಗ ಅಚ್ಚು ಹಾಕಿಸಿದಾರೆ. ಯಜಮಾನ್ರು ನನ್ನ ಹೆಗಲು ತಟ್ಟಿದ್ರು.”

ನಾನು ಓದಲಿಲ್ಲ. ಕೆಳಗೆ ನೋಡಿದೆ.

ಲಿಯೊನಿಯಕ್ಕ ಅವನ ಕೈಯಿಂದ ಚೀಟಿಯನ್ನು ತೆಗೆದುಕೊಂಡು ದೀಪಕ್ಕೆ ಹಿಡಿದಳು. ಎರಡು ಸಲ ಓದಿದಳೇನೋ, ಅಷ್ಟು ಹೊತ್ತಾಯಿತು.

“ಹೌದಪ್ಪ,” ಎಂದಳು. “ನೀನು ಮಾಡಿದ್ದೇ. ನಮ್ಮ ವಂಶದಲ್ಲಿ ಅಚ್ಚಾದವನು ನೀನೊಬ್ಬನೇ.”

“ತಮಾಷೆ ಮಾಡ್ಬೇಡಿ ಅತ್ತಿಗೆ.”

“ತಮಾಷೆ ಅಲ್ಲ ಕಣೋ. ಭಾನುವಾರ ಬಾ. ನಿನ್ನ ಸೀಸೆ ಮರೀಬೇಡ.”

ಅವನು ಮೆಟ್ಟಿಲು ಹತ್ತಿ ಹೋದ. ಅವನ ಸೊಂಟದ ಬೀಗದ ಕೈಗಳ ಸದ್ದು ಮೇಲಿನವರೆಗೂ ಕೇಳಿಸಿತು. ಲಿಯೊನಿಯಕ್ಕ ಚೀಟಿಯನ್ನು ಎರಡು ಮಡಿಕೆ ಮಾಡಿ ಡಬ್ಬಿಯೊಳಗೆ ಇಟ್ಟಳು, ಮುಚ್ಚಳ ಹಾಕಿ ದಾರ ಕಟ್ಟಿದಳು. ಆಮೇಲೆ ನನ್ನ ಬುಟ್ಟಿಯ ಕಡೆ ಕೈ ಚಾಚಿ, ಇವತ್ತು ಎಷ್ಟು ವಾಪಸು ಬಂದಿವೆ ಎಂದು ಕೇಳಿದಳು. ಏಳು ಎಂದೆ. ಮುಂದಿನ ಡಬ್ಬಿಗೆ ಹೊಟ್ಟು ತುಂಬಲು ಶುರುಮಾಡಿದಳು.